ಮಗ್ಗದ ಕುಣಿಯಿಂದ ಕಚೇರಿಯ ಕುರ್ಚಿಗೆ

ಗಜೇಂದ್ರಗಡವೆಂದೊಡನೆ ಇತಿಹಾಸದ ವಿದ್ಯಾರ್ಥಿಗೆ 1787ನೆಯ ಇಸವಿಯ ಸಂಧಿ ನೆನಪಿಗೆ ಬರುತ್ತದೆ. ಮರಾಠರಿಗೂ ಟಿಪ್ಪು ಸುಲ್ತಾನನಿಗೂ ನಡೆದ ಯುದ್ಧವೊಂದು ಆ ವರ್ಷ ಈ ಊರಿನ ಹೆಸರಿನ ಒಪ್ಪಂದದಿಂದ ಮುಕ್ತಾಯವಾಯಿತು. ಭಕ್ತರಿಗಾದರೆ ಕಾಲಕಾಲೇಶ್ವರನ ಬೆಟ್ಟ, ಅದರ ಕಲ್ಲಿನ ಮೆಟ್ಟಿಲುಗಳು, ಅಂತರಗಂಗೆಯ ನೀರು ನೆನಪಾಗುತ್ತವೆ. ಇವೆಲ್ಲ ಇರಬೇಕಾದುದೇ. ಆದರೆ ಊರಿನ ನಿತ್ಯಜೀವನದ ಚರಿತ್ರೆಯನ್ನು ಬರೆಯಹೊರಟವನು ಕೋಟೆಯನ್ನು ಹತ್ತುವ ಮೊದಲು ನೇಕಾರನ ಮನೆಯ ಹೊಸ್ತಿಲನ್ನು ದಾಟಬೇಕಾಗುತ್ತದೆ. ಪಟ್ಟೆದ ಅಂಚಿನ ಸೀರೆಗೆ ಹೆಸರಾದ ಈ ಸೀಮೆಯಲ್ಲಿ ಮನುಷ್ಯನು ಕುಳಿತು ದುಡಿಯುವ ರೀತಿ ಎಷ್ಟು ಹಳೆಯದೆಂಬುದನ್ನು ಅಲ್ಲಿಯ ಕುಣಿಯ ಮಗ್ಗವೇ ಹೇಳುತ್ತದೆ.

ನೆಲಮಟ್ಟದ ಹಲಗೆಯ ಮೇಲೆ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟ ನೇಕಾರನನ್ನು ವಾಚಕರು ನೋಡಿಯೇ ಇರುತ್ತಾರೆ. ಅವನ ಎರಡೂ ಪಾದಗಳು ಕೆಳಗಿನ ತುಳಿಯುವ ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತವೆ. ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಒಂದು ಕೈ ಹಗ್ಗವನ್ನೆಳೆದು ಲಾಳಿಯನ್ನು ಓಡಿಸಿದರೆ ಇನ್ನೊಂದು ಕೈ ಹಣಿಗೆಯನ್ನು ಬಡಿದು ಹೊಕ್ಕನ್ನು ಕೂಡಿಸುತ್ತದೆ. ಎಳೆ ಹರಿದರೆ ಬಾಗಿ ಹುರಿಗೊಳಿಸಬೇಕು. ಕಂಡಿಕೆ ತೀರಿದರೆ ಬದಲಿಸಬೇಕು. ನೇಯ್ದಷ್ಟು ಬಟ್ಟೆಯನ್ನು ಆಗಾಗ ಸುತ್ತಿಕೊಳ್ಳಬೇಕು. ಹಾಸು ಹೂಡುವ ದಿನವಂತೂ ಮನೆಮಂದಿಯೆಲ್ಲ ಕಾಲ ಮೇಲೆಯೇ ಇರುತ್ತಾರೆ. ಮುಂಜಾನೆಯಿಂದ ಸಂಜೆಯವರೆಗೆ ಕುಳಿತವನೆಂಬುದು ನಿಜ, ಆದರೆ ಸುಮ್ಮನೆ ಕುಳಿತವನಲ್ಲ.

ಕುಳಿತು ದುಡಿಯುವ ಇನ್ನೊಂದು ವರ್ಗವೂ ನಮ್ಮಲ್ಲಿ ಪ್ರಾಚೀನವಾದುದೇ. ಶರಣರಲ್ಲಿ ಮುದನೂರಿನ ಜೇಡರ ದಾಸಿಮಯ್ಯನಂಥ ನೇಕಾರನಿದ್ದಂತೆ, ಬಿಜ್ಜಳನ ಭಂಡಾರದಲ್ಲಿ ಲೆಕ್ಕ ಬರೆದ ಕರಣಿಕರಾಗಿ ಬಸವಣ್ಣನವರೂ ಇದ್ದರೆಂದು ಪರಂಪರೆ ಹೇಳುತ್ತದೆ. ಲೆಕ್ಕಿಗನ ಕಡತವೂ ನೇಕಾರನಿಂದಲೇ ಬಂದದ್ದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ಬಟ್ಟೆ ಹೋಗಿ ಕಾಗದ ಬಂದರೂ ಸರ್ಕಾರಿ ಕಚೇರಿಯಲ್ಲಿ ಹೆಸರು ಮಾತ್ರ ಉಳಿದುಕೊಂಡಿದೆ.

ಆ ಕಾಲದ ಕುಲಕರ್ಣಿ ಚಾಪೆಯ ಮೇಲೆ ಕುಳಿತು ಬರೆದವನು. ನೆಲದಿಂದ ಏಳುವುದೂ ಮತ್ತೆ ಕೂಡುವುದೂ ತೊಡೆಗಳಿಗೆ ಸಣ್ಣ ಕೆಲಸವಲ್ಲ. ಬೆಳೆಯನ್ನು ನೋಡಲು ಹೊಲಕ್ಕೆ ಹೋಗಬೇಕು, ಕಂದಾಯದ ಕಾಲದಲ್ಲಿ ಊರೆಲ್ಲ ತಿರುಗಬೇಕು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1950ರ ಕಾಯ್ದೆಯಿಂದ ಕುಲಕರ್ಣಿ ವತನಗಳು ರದ್ದಾಗಿ ತಲಾಟಿಗಳು ಬಂದರು. ಅವರ ದಿನವೂ ಬಹುಮಟ್ಟಿಗೆ ತಿರುಗಾಟದಲ್ಲಿಯೇ ಕಳೆಯುತ್ತಿತ್ತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ 177 ತಾಲೂಕುಗಳ ಸುಮಾರು ಎರಡು ಕೋಟಿ ಉತಾರಗಳನ್ನು ಗಣಕಯಂತ್ರಕ್ಕೆ ಏರಿಸಿತು. ರೈತನ ಅಲೆದಾಟವನ್ನು ತಪ್ಪಿಸಿದ ದೊಡ್ಡ ಉಪಕಾರವದು. ಆದರೆ ಉತಾರವನ್ನು ಕೊಡುವವನ ದೃಷ್ಟಿಯಿಂದ ನೋಡಿದರೆ, ಹೊಲ, ಚಾವಡಿ, ಮನೆಯೆಂದು ಹಂಚಿಹೋಗಿದ್ದ ದಿನವು ಒಂದು ಪರದೆಯ ಮುಂದೆ, ಒಂದು ಕುರ್ಚಿಯಲ್ಲಿ ಬಂದು ನಿಂತಿತು. ಬಹುಕಾಲ ರೋಣ ತಾಲೂಕಿಗೆ ಸೇರಿದ್ದ ಗಜೇಂದ್ರಗಡ 2018ರಲ್ಲಿ ತಾನೇ ತಾಲೂಕು ಕೇಂದ್ರವಾದ ಮೇಲೆ ಅಂಥ ಕುರ್ಚಿಗಳು ಊರಲ್ಲಿಯೇ ಹೆಚ್ಚಿವೆ.

ಈ ಬದಲಾವಣೆ ನಮ್ಮ ಓದುಗರಿಗೆ ದೂರದ ಸಂಗತಿಯಲ್ಲ. ನೇಕಾರರ ಮಕ್ಕಳು, ಒಕ್ಕಲುತನದವರ ಮಕ್ಕಳು ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ ಶಿಕ್ಷಕರಾದರು, ಬ್ಯಾಂಕಿನ ನೌಕರರಾದರು, ಕಚೇರಿಗಳಲ್ಲಿ ಗುಮಾಸ್ತರೂ ಅಧಿಕಾರಿಗಳೂ ಆದರು. ಒಂದು ತಲೆಮಾರಿನಲ್ಲಿ ಒಂದು ಮನೆತನ ಕುಣಿಯಿಂದ ಕುರ್ಚಿಗೆ ಏರಿದ ಈ ಸಾಧನೆಯನ್ನು ಯಾರೂ ಹಿಂದಿರುಗಿಸಬಯಸುವುದಿಲ್ಲ. ಆದರೆ ದೇಹವು ಅದಕ್ಕೆ ತೆತ್ತ ಬೆಲೆಯ ಲೆಕ್ಕವನ್ನೂ ತಿಳಿದಿರುವುದು ಮೇಲು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ, ಅಂದರೆ ಹತ್ತು ಕೋಟಿಗೂ ಮಿಕ್ಕಿದ ಜನಕ್ಕೆ, ಮಧುಮೇಹವಿದೆ. ಇದಕ್ಕೆ ಕುಳಿತಿರುವುದೊಂದೇ ಕಾರಣವೆಂದಲ್ಲ. ಅದು ಎಷ್ಟರಮಟ್ಟಿನ ಕಾರಣ, ಯಾವ ಬಗೆಯ ಕುಳಿತಿರುವಿಕೆ ಕಾರಣ ಎಂಬುದನ್ನು ಶಾಸ್ತ್ರವು ಬೇರ್ಪಡಿಸಿಕೊಂಡು ಬಂದ ಕಥೆಯೇ ಪ್ರಕೃತ ಲೇಖನದ ವಿಷಯ.

ಕಥೆ ಇಟಲಿಯಲ್ಲಿ ಆರಂಭವಾಗುತ್ತದೆ. 1633ರಲ್ಲಿ ಹುಟ್ಟಿದ ಬೆರ್ನಾರ್ದಿನೋ ರಾಮಾಜಿನಿ ಎಂಬ ವೈದ್ಯನು ಕಸುಬುದಾರರ ರೋಗಗಳ ಮೇಲೆ 1700ರಲ್ಲಿ ಮೊದೆನಾ ನಗರದಿಂದ ಒಂದು ಲ್ಯಾಟಿನ್ ಗ್ರಂಥವನ್ನು ಹೊರತಂದನು. ರೋಗಿಯನ್ನು ಕೇಳುವ ಪ್ರಶ್ನೆಗಳೊಡನೆ ‘ನಿನ್ನ ಉದ್ಯೋಗವೇನು’ ಎಂಬುದನ್ನೂ ಸೇರಿಸಬೇಕೆಂದು ವೈದ್ಯರಿಗೆ ಹೇಳಿಕೊಟ್ಟವನು ಈತನೇ. ದರ್ಜಿಗಳೂ ಚಮ್ಮಾರರೂ ತಮ್ಮ ಹಬ್ಬದ ದಿನ ಬೆನ್ನು ಬಾಗಿಸಿಕೊಂಡು, ಕುಂಟುತ್ತ ಮೆರವಣಿಗೆ ಹೋಗುವುದನ್ನು ಆತ ಕಂಡು ಬರೆದಿದ್ದಾನೆ. ಬಿಡುವಿನ ದಿನವಾದರೂ ಅವರು ಮೈಗೆ ವ್ಯಾಯಾಮ ಕೊಡಲೆಂದು ಸಲಹೆ ಮಾಡಿದ್ದಾನೆ. ನೇಕಾರರ ವಿಷಯ ಬಂದಾಗ ಮಾತ್ರ ಅವನ ವರ್ಣನೆ ಬೇರೆ. ಅಲ್ಲಿ ಕೈ, ಕಾಲು, ಬೆನ್ನು ಎಲ್ಲವೂ ಒಟ್ಟಿಗೆ ದುಡಿಯುವುದನ್ನು ಗುರುತಿಸಿದ್ದಾನೆ. 1713ರಲ್ಲಿ ಪಾದುವಾದಿಂದ ಬಂದ ಎರಡನೆಯ ಆವೃತ್ತಿಯಲ್ಲಿ ಲಿಪಿಕಾರರ ಅಧ್ಯಾಯ ಹೊಸದಾಗಿ ಸೇರಿತು. ಅವರ ಕಷ್ಟಕ್ಕೆ ಆತ ಹೇಳಿದ ಕಾರಣಗಳನ್ನು ಇಂದಿನ ಯಾವ ಗುಮಾಸ್ತನೂ ಒಪ್ಪಿಯಾನು: ಎಡೆಬಿಡದೆ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿ. ದಿನವೆಲ್ಲ ನಿಂತೇ ದುಡಿಯುವವರ ಪಾಡಿಗೂ ಆ ಗ್ರಂಥದಲ್ಲಿ ಪ್ರತ್ಯೇಕ ಅಧ್ಯಾಯವಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ರಾಮಾಜಿನಿಯದು ಕಣ್ಣಿನ ಸಾಕ್ಷ್ಯ. ಅಂಕಿಗಳ ಸಾಕ್ಷ್ಯಕ್ಕೆ ಲೋಕ ಎರಡೂವರೆ ಶತಮಾನ ಕಾಯಬೇಕಾಯಿತು. ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಹೃದಯಾಘಾತದಿಂದ ಸಾಯುವವರು ಹೆಚ್ಚುತ್ತಿದ್ದರು, ಕಾರಣ ತಿಳಿದಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ ಲಂಡನ್ ಸಾರಿಗೆಯ ಸುಮಾರು 31,000 ಮಂದಿ ನಡುವಯಸ್ಸಿನ ಪುರುಷ ನೌಕರರ ಕಾಯಿಲೆಯ ದಾಖಲೆಗಳನ್ನು 1949 ಮತ್ತು 1950ರಲ್ಲಿ ಪರಿಶೀಲಿಸಿದರು. ಲಂಡನ್ನಿನ ಬಸ್ಸುಗಳಿಗೆ ಎರಡು ಅಂತಸ್ತು. ಚಾಲಕನು ಪಾಳಿಯುದ್ದಕ್ಕೂ ಕುಳಿತಿರುವವನು. ನಿರ್ವಾಹಕನು ಟಿಕೀಟು ಕೊಡುತ್ತ ದಿನಕ್ಕೆ ಐದುನೂರರಿಂದ ಏಳುನೂರೈವತ್ತು ಮೆಟ್ಟಿಲು ಹತ್ತುವವನು. ಬಸ್ಸಿನೊಳಗೆ ದಿನಕ್ಕೊಂದು ಬೆಟ್ಟವನ್ನೇರಿದಂತೆ. ಇಬ್ಬರೂ ಒಂದೇ ಬಸ್ಸಿನವರು, ಒಂದೇ ವರ್ಗದ ಮನೆಗಳಿಂದ ಬಂದವರು. ಆದರೆ ವರ್ಷಕ್ಕೆ ಸಾವಿರ ಚಾಲಕರಲ್ಲಿ 2.7 ಮಂದಿಗೆ ಹೃದ್ರೋಗ ಬಂದರೆ ನಿರ್ವಾಹಕರಲ್ಲಿ ಅದು 1.9 ಮಾತ್ರ. ಬಂದವರಲ್ಲಿಯೂ ಚಾಲಕರೇ ಬೇಗ ಸಾಯುತ್ತಿದ್ದರು. ಅಂಚೆ ಇಲಾಖೆಯನ್ನು ನೋಡಿದಾಗ, ನಡೆದು ಕಾಗದ ಹಂಚುವವರಿಗೂ ಒಳಗೆ ಕುಳಿತ ಗುಮಾಸ್ತರು, ದೂರವಾಣಿಯವರಿಗೂ ಇದೇ ಬಗೆಯ ಅಂತರ ಕಂಡಿತು. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಈ ಪ್ರಬಂಧದಿಂದಲೇ ಆಧುನಿಕ ಸಂಶೋಧನೆಯ ಎಣಿಕೆ ಆರಂಭ.

ವಿದ್ವಾಂಸನ ಪ್ರಾಮಾಣಿಕತೆ ತಿಳಿಯುವುದು ಮುಂದಿನ ಹೆಜ್ಜೆಯಲ್ಲಿ. ಚಾಲಕನಾಗಿ ಸೇರುವವನೇ ಮೊದಲಿನಿಂದ ದಪ್ಪಗಿದ್ದರೆ? ಈ ಸಂದೇಹವನ್ನು ಬಗೆಹರಿಸಲು ಮಾರಿಸನ ತಂಡ ಸಮವಸ್ತ್ರದ ಉಗ್ರಾಣಕ್ಕೆ ಹೋಯಿತು. ನೌಕರರಿಗೆ ಹೊಲಿಸಿಕೊಟ್ಟ ಷರಾಯಿಗಳ ಸೊಂಟದಳತೆಯ ಪಟ್ಟಿ ಅಲ್ಲಿತ್ತು. ನೋಡಿದರೆ ಎಳೆಯ ವಯಸ್ಸಿನ ಚಾಲಕರ ಸೊಂಟವೂ ನಿರ್ವಾಹಕರದಕ್ಕಿಂತ ದೊಡ್ಡದೇ! ತಮ್ಮ ಸಿದ್ಧಾಂತಕ್ಕೆ ತೊಡಕಾಗುವ ಈ ಸಂಗತಿಯನ್ನು ಅವರು 1956ರಲ್ಲಿ ತಾವೇ ಪ್ರಕಟಿಸಿದರು. ಕುಳಿತ ಕೆಲಸವು ರೋಗವನ್ನು ತರುತ್ತದೆಯೋ, ರೋಗದ ಕಡೆಗೆ ವಾಲಿದವರೇ ಕುಳಿತ ಕೆಲಸವನ್ನು ಆರಿಸಿಕೊಳ್ಳುತ್ತಾರೆಯೋ ಎಂಬ ಪ್ರಶ್ನೆ ಅಂದಿನಿಂದ ಈ ಶಾಸ್ತ್ರವನ್ನು ಬಿಟ್ಟಿಲ್ಲ.

ಆದಕಾರಣ ಎಲ್ಲರೂ ಕುಳಿತೇ ದುಡಿಯುವ ಒಂದು ಸಮೂಹವನ್ನು ಮಾರಿಸ್ ಹುಡುಕಿದನು. ಅದು ಸಿಕ್ಕಿದ್ದು ಸರ್ಕಾರಿ ಕಚೇರಿಗಳಲ್ಲಿ. 1968ರಿಂದ 1970ರ ಅವಧಿಯಲ್ಲಿ 40ರಿಂದ 64 ವರ್ಷ ವಯಸ್ಸಿನ 16,882 ಮಂದಿ ಬ್ರಿಟಿಷ್ ಅಧಿಕಾರಿಗಳು ಒಂದು ಸೋಮವಾರ ಮುಂಜಾನೆ, ಹಿಂದಿನ ಶುಕ್ರವಾರ ಮತ್ತು ಶನಿವಾರ ತಾವು ಬಿಡುವಿನಲ್ಲಿ ಮಾಡಿದ್ದೆಲ್ಲವನ್ನೂ ಬರೆದುಕೊಟ್ಟರು. (ಸೋಮವಾರ ಮುಂಜಾನೆ ಅಧಿಕಾರಿಗಳಿಂದ ಅಷ್ಟು ಕೆಲಸ ತೆಗೆದದ್ದೂ ಒಂದು ಸಾಧನೆಯೇ ಸರಿ.) ಬಿಡುವಿನಲ್ಲಿ ಹುರುಪಿನ ವ್ಯಾಯಾಮ ಮಾಡುತ್ತಿದ್ದವರಿಗೆ ಹೃದ್ರೋಗದ ಸಂಭವ ಉಳಿದವರ ಸುಮಾರು ಮೂರನೆಯ ಒಂದು ಪಾಲು ಮಾತ್ರವೆಂದು 1973ರಲ್ಲಿ ಪ್ರಕಟವಾಯಿತು. ಲೋಕವೆಲ್ಲ ಮುಂಜಾನೆಯ ಓಟಕ್ಕೆ ಹೊರಟ ಯುಗ ಅದು. ಮಾರಿಸ್ 2009ರಲ್ಲಿ ತನ್ನ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ನಡೆದ ಒಂದು ಅಧ್ಯಯನ ಹೊರಗೆ ಪ್ರಸಿದ್ಧವಾಗಿದ್ದರೂ ನಮ್ಮಲ್ಲಿ ಅದರ ಹೆಸರೇ ಕೇಳಿಬರುವುದಿಲ್ಲ. ಕಲಕತ್ತೆಯ ಹತ್ತಿರದ ಚೆಂಗೈಲಿನ ಲಡ್ಲೋ ಸೆಣಬಿನ ಗಿರಣಿಯಲ್ಲಿ ಜಾನ್ ಮೇಯರ್, ಪೂರ್ಣಿಮಾ ರಾಯ್, ಕಾಮಾಖ್ಯಾ ಪ್ರಸಾದ ಮಿತ್ರ ಎಂಬವರು 213 ಮಂದಿಯ ಊಟವನ್ನೂ ದೇಹದ ತೂಕವನ್ನೂ ಅಳೆದು 1956ರಲ್ಲಿ ಪ್ರಕಟಿಸಿದರು. ಅಂಗಡಿಯಲ್ಲಿ ದಿನವೆಲ್ಲ ಕುಳಿತವರು, ಗುಮಾಸ್ತರು, ನೇಕಾರರು, ಹೊರೆ ಹೊರುವವರು, ಕಮ್ಮಾರರು ಎಲ್ಲರೂ ಅದರಲ್ಲಿದ್ದರು. ದುಡಿಮೆ ಹೆಚ್ಚಿದಂತೆ ಊಟ ಹೆಚ್ಚುವುದು ಎಲ್ಲರೂ ಊಹಿಸಬಹುದಾದುದು. ಆದರೆ ಪೂರ್ಣವಾಗಿ ಕುಳಿತವರ ಊಟ ಹಗುರ ದುಡಿಮೆಯವರ ಊಟಕ್ಕಿಂತ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಮೈಯ ತೂಕವೂ ಅವರದೇ ಹೆಚ್ಚು. ದುಡಿಮೆ ಒಂದು ಮಿತಿಗಿಂತ ಕೆಳಗಿಳಿದಾಗ ಹಸಿವೆಯ ತಕ್ಕಡಿಯೇ ಕೆಡುತ್ತದೆ ಎಂಬುದು ಇದರ ತಾತ್ಪರ್ಯ. ಎರಡು ಸಾಮಾನ್ಯ ಕಸುಬುಗಳ ನಡುವಣ ಸಣ್ಣ ವ್ಯತ್ಯಾಸವೂ ದೇಹಕ್ಕೆ ತಿಳಿಯುತ್ತದೆ ಎಂಬುದನ್ನು ಬಂಗಾಳದ ಈ ಗಿರಣಿ ಲೋಕಕ್ಕೆ ತೋರಿಸಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಆಹಾರದ ಅಗತ್ಯವನ್ನು ಗೊತ್ತುಮಾಡುವಾಗ ಕಸುಬುಗಳನ್ನು ಮೂರಾಗಿ ವಿಂಗಡಿಸಿದ ಪಟ್ಟಿಯೊಂದಿದೆ. ಅದರಲ್ಲಿ ಶಿಕ್ಷಕ, ದರ್ಜಿ, ಅಧಿಕಾರಿ ಇವರೆಲ್ಲ ಕುಳಿತ ಕಸುಬಿನವರು. ನೇಕಾರನು ಮಾತ್ರ ಬಡಿಗ, ಕುಂಬಾರ, ಕೃಷಿ ಕಾರ್ಮಿಕರ ಸಾಲಿನಲ್ಲಿ, ಮಧ್ಯಮ ದುಡಿಮೆಯವನು. ದರ್ಜಿಯೂ ನೇಕಾರನೂ ಇಬ್ಬರೂ ಕುಳಿತವರೇ ಅಲ್ಲವೇ? ಆದರೂ ಪಟ್ಟಿ ಅವರನ್ನು ಒಂದೇ ಸಾಲಿಗೆ ಹಾಕಲಿಲ್ಲ. 1990ರ ಶಿಫಾರಸಿನಲ್ಲಿ ಅರವತ್ತು ಕಿಲೋ ತೂಕದ ಪುರುಷನಿಗೆ ಕುಳಿತ ಕಸುಬಿನಲ್ಲಿ ದಿನಕ್ಕೆ 2,425 ಕಿಲೋಕ್ಯಾಲರಿ, ಮಧ್ಯಮ ದುಡಿಮೆಗೆ 2,875. ನಡುವಣ ಅಂತರ 450. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 350 ಕಿಲೋಕ್ಯಾಲರಿ ಇರುವುದರಿಂದ ನಮ್ಮ ಸೀಮೆಯ ಲೆಕ್ಕದಲ್ಲಿ ಇದು ಎರಡು, ಮೂರು ರೊಟ್ಟಿ. ಮಗ್ಗ ಬಿಟ್ಟು ಮೇಜಿಗೆ ಬಂದ ಮಗನು ತಂದೆಯ ಪಂಕ್ತಿಯಲ್ಲಿ ಕುಳಿತು ತಂದೆಯಷ್ಟೇ ಉಣ್ಣುತ್ತಾನೆ. ಬಡಿಸುವ ತಾಯಿಯೂ ಕಡಿಮೆ ಬಡಿಸುವವಳಲ್ಲ. ಆ ಎರಡು ರೊಟ್ಟಿಗಳು ಎಲ್ಲಿ ಹೋಗುತ್ತವೆಂಬುದನ್ನು ಸೊಂಟದ ಅಳತೆ ಹೇಳುತ್ತದೆ.

ಇಲ್ಲಿಯವರೆಗಿನ ವಿಚಾರವೆಲ್ಲ ಎಷ್ಟು ದುಡಿದರೆಂಬುದನ್ನು ಕುರಿತದ್ದು. ಕುಳಿತಿರುವಿಕೆಯನ್ನೇ ಪ್ರತ್ಯೇಕವಾಗಿ ನೋಡುವ ದೃಷ್ಟಿ ಬಂದದ್ದು ಈ ಶತಮಾನದಲ್ಲಿ. ಇಲಿಗಳ ಹಿಂಗಾಲಿಗೆ ಭಾರ ಬೀಳದಂತೆ ಮಾಡಿದರೆ, ರಕ್ತದಲ್ಲಿಯ ಕೊಬ್ಬನ್ನು ಸ್ನಾಯುವಿಗೆ ಎಳೆದುಕೊಳ್ಳುವ ಒಂದು ಕಿಣ್ವದ ಕೆಲಸವು ಕೆಲವೇ ಗಂಟೆಗಳಲ್ಲಿ ಕುಗ್ಗಿಹೋಗುವುದನ್ನು ಅಮೆರಿಕದ ಮಾರ್ಕ್ ಹ್ಯಾಮಿಲ್ಟನ್ ಮತ್ತು ಸಂಗಡಿಗರು 2003ರ ಹೊತ್ತಿಗೆ ತೋರಿಸಿದರು. ಕಾಲಿನ ದೊಡ್ಡ ಸ್ನಾಯುಗಳು ನಮ್ಮನ್ನು ನಡೆಸುವುದಷ್ಟೇ ಅಲ್ಲ, ಉಂಡದ್ದನ್ನು ವಿಲೇವಾರಿ ಮಾಡುವ ಕಣಜಗಳೂ ಹೌದು. ಅವು ಸುಮ್ಮನಾದರೆ ಸಕ್ಕರೆಯೂ ಕೊಬ್ಬೂ ರಕ್ತದಲ್ಲಿಯೇ ಸುಳಿದಾಡುತ್ತವೆ. 2012ರಲ್ಲಿ ಆಸ್ಟ್ರೇಲಿಯದ ಡೇವಿಡ್ ಡನ್‌ಸ್ಟನ್ನನ ತಂಡ ಇದನ್ನು ಮನುಷ್ಯರಲ್ಲಿ ಪರೀಕ್ಷಿಸಿತು. ತೂಕ ಹೆಚ್ಚಿದ್ದ 19 ಮಂದಿಗೆ ಸಿಹಿ ಪಾನೀಯ ಕೊಟ್ಟು ಐದು ಗಂಟೆ ಕೂಡಿಸಿದರು. ಇನ್ನೊಂದು ದಿನ ಅವರೇ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಎರಡು ನಿಮಿಷ ಮೆಲ್ಲಗೆ ನಡೆದರು. ಅಷ್ಟಕ್ಕೇ ರಕ್ತದ ಸಕ್ಕರೆಯ ಏರಿಕೆ ಸುಮಾರು ಕಾಲುಭಾಗ ತಗ್ಗಿತು. ಬೆವರು ಬರಲಿಲ್ಲ, ಬಟ್ಟೆ ಬದಲಿಸಬೇಕಾಗಲಿಲ್ಲ.

ಈ ಕಥೆಗೆ 2020ರಲ್ಲಿ ಆಫ್ರಿಕದಿಂದ ಒಂದು ಸಂಗತಿ ಬಂದು ಸೇರಿತು. ತಾಂಜಾನಿಯದ ಹಡ್ಜಾ ಜನರು ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಅವರೂ ದಿನಕ್ಕೆ ಸುಮಾರು ಹತ್ತು ಗಂಟೆಗಳನ್ನು ನಡೆಯದೆಯೇ ಕಳೆಯುತ್ತಾರೆಂದು ಯಂತ್ರದಿಂದ ಅಳೆದಾಗ ತಿಳಿದುಬಂದಿತು. ನಗರದ ನೌಕರನ ಲೆಕ್ಕವೂ ಅಷ್ಟೇ. ಆದರೆ ಹಡ್ಜಾದವರಿಗೆ ಕುರ್ಚಿಯಿಲ್ಲ. ಕುಕ್ಕರುಗಾಲಿನಲ್ಲಿ, ಮಂಡಿಯೂರಿ, ನೆಲದ ಮೇಲೆ ಕೂಡುವಾಗ ಅವರ ಕಾಲಿನ ಸ್ನಾಯುಗಳು ಪೂರ್ಣ ಮಲಗಿಬಿಡುವುದಿಲ್ಲ. ಗಜೇಂದ್ರಗಡದ ಕುಣಿಯಲ್ಲಿಯ ತುಳಿತವನ್ನು ಕಂಡವನಿಗೆ ಇದು ಸುಲಭವಾಗಿ ಅರ್ಥವಾದೀತು. ಕೆಡುಕು ಕೂಡುವುದರಲ್ಲಿಲ್ಲ, ಕುಳಿತಲ್ಲಿಯೇ ಅಲುಗದೆ ಇರುವುದರಲ್ಲಿದೆ.

ಹೀಗೆಂದ ಮಾತ್ರಕ್ಕೆ ಮಗ್ಗವನ್ನು ಆರೋಗ್ಯದ ತವರೆಂದು ಯಾರೂ ಭಾವಿಸಬಾರದು. ಸೊಂಟನೋವು, ಮಂಡಿನೋವು, ಹೆಗಲುನೋವುಗಳು ನೇಕಾರರ ಮನೆಯ ಮಾತುಗಳು. ಮಳೆಗಾಲದಲ್ಲಿ ಕುಣಿಯ ತೇವ, ಸಂಜೆಯ ಮಂದ ಬೆಳಕಿನಲ್ಲಿ ಎಳೆ ಹುಡುಕಿದ ಕಣ್ಣುಗಳ ಆಯಾಸ, ಎಲ್ಲಕ್ಕೂ ಮಿಗಿಲಾಗಿ ಅಲ್ಪವಾದ ಕೂಲಿ. ಇವುಗಳಿಂದ ಮಕ್ಕಳನ್ನು ಬಿಡಿಸಬೇಕೆಂದೇ ಹಿರಿಯರು ಅವರನ್ನು ಶಾಲೆಗೆ ಕಳಿಸಿದರು. ಒಂದು ಬಗೆಯ ಸೆರೆ ಬಿಟ್ಟು ಇನ್ನೊಂದು ಬಗೆಯ ಸೆರೆ ಹೊಕ್ಕಂತಾಯಿತೆಂಬುದಷ್ಟೇ ನಮ್ಮ ದುಗುಡ.

ಕರ್ನಾಟಕಕ್ಕೆ ಈ ಸಂಶೋಧನೆಯಲ್ಲಿ ನೇರವಾದ ಪಾಲೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಪ್ರಕಾಶ ಶೆಟ್ಟಿ, ಮಾರಿಯೋ ವಾಜ್ ಮೊದಲಾದವರು ಭಾರತೀಯ ದೇಹವು ವಿಶ್ರಾಂತಿಯಲ್ಲಿ, ದುಡಿಮೆಯಲ್ಲಿ ಎಷ್ಟು ಶಕ್ತಿ ವ್ಯಯಿಸುತ್ತದೆಂಬುದನ್ನು ದಶಕಗಳ ಕಾಲ ಅಳೆದವರು. ಹಲವು ದೇಶಗಳ ಪಟ್ಟಣ, ಹಳ್ಳಿಗಳನ್ನು ದೀರ್ಘಕಾಲ ಹಿಂಬಾಲಿಸಿದ ‘ಪ್ಯೂರ್’ ಅಧ್ಯಯನದಲ್ಲಿಯೂ ಬೆಂಗಳೂರು ಒಂದು ಕೇಂದ್ರ. ಆ ಅಧ್ಯಯನವು 21 ದೇಶಗಳ 1,05,677 ಮಂದಿಯ ಕುಳಿತ ಗಂಟೆಗಳನ್ನು ಹನ್ನೊಂದು ವರ್ಷಗಳ ಸಾವು, ಕಾಯಿಲೆಗಳೊಡನೆ ಹೋಲಿಸಿ 2022ರಲ್ಲಿ ಪ್ರಕಟಿಸಿತು. ದಿನಕ್ಕೆ ನಾಲ್ಕು ಗಂಟೆಗಿಂತ ಕಡಿಮೆ ಕೂಡುವವರಿಗಿಂತ ಎಂಟು ಗಂಟೆಗೂ ಹೆಚ್ಚು ಕೂಡುವವರಲ್ಲಿ ಸಾವಿನ ಸಂಭವ ನೂರಕ್ಕೆ ಸುಮಾರು ಇಪ್ಪತ್ತು ಹೆಚ್ಚು. ಬಡ ದೇಶಗಳಲ್ಲಿ ಈ ಅಂತರ ಇನ್ನೂ ಹೆಚ್ಚಾಗಿತ್ತು. ಅದಕ್ಕೂ ಮುಂಚೆ, 2016ರಲ್ಲಿ, ಹತ್ತು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ನಾರ್ವೆಯ ಉಲ್ಫ್ ಎಕೆಲುಂಡ್ ತಂಡ ಸಮಾಧಾನದ ಮಾತೊಂದನ್ನು ಹೇಳಿತ್ತು: ದಿನಕ್ಕೆ ಅರವತ್ತರಿಂದ ಎಪ್ಪತ್ತೈದು ನಿಮಿಷ ಚುರುಕಾಗಿ ನಡೆಯುವವರಲ್ಲಿ ಎಂಟು ಗಂಟೆ ಕುಳಿತ ಕೇಡು ಬಹುತೇಕ ಕಾಣದಾಗುತ್ತದೆ. ಮಾತು ಒಳ್ಳೆಯದೇ. ಆದರೆ ಮುಂಜಾನೆಯ ಬಸ್ಸು ಹಿಡಿದು ಕಚೇರಿಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ನೌಕರನಿಗೆ, ಅದರಲ್ಲಿಯೂ ಮನೆಯ ಕೆಲಸ ಕಾದಿರುವ ನೌಕರಳಿಗೆ, ಆ ಎಪ್ಪತ್ತೈದು ನಿಮಿಷ ಎಲ್ಲಿಂದ ಬರಬೇಕು?

ಆದ್ದರಿಂದ ಕಚೇರಿಯ ಹೊತ್ತಿನಲ್ಲಿಯೇ ಪರಿಹಾರವನ್ನು ಹುಡುಕುವ ಪ್ರಯೋಗಗಳು ನಡೆದವು. ಇವುಗಳಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದವರ ಕೆಲಸ ಗಮನಾರ್ಹವಾದುದು. ಅಲ್ಲಿಯ ಆಸ್ಪತ್ರೆಗಳ ಕಚೇರಿಗಳಲ್ಲಿ ಕೆಲಸ ಮಾಡುವ 146 ಮಂದಿಯಲ್ಲಿ ಒಂದು ಪಂಗಡಕ್ಕೆ, ಕುಳಿತೂ ನಿಂತೂ ಬರೆಯಲು ಬರುವಂತೆ ಏರಿಸಿ ಇಳಿಸಬಹುದಾದ ಮೇಜು ಕೊಟ್ಟು ತಿಳಿವಳಿಕೆ ಹೇಳಿದರು. ವರ್ಷದ ಕೊನೆಗೆ ಆ ಪಂಗಡದವರು ಉಳಿದವರಿಗಿಂತ ಕೆಲಸದ ದಿನವೊಂದಕ್ಕೆ 83 ನಿಮಿಷ ಕಡಿಮೆ ಕೂಡುತ್ತಿದ್ದರೆಂದು 2018ರಲ್ಲಿ ವರದಿಯಾಯಿತು. ಫಲ ತಂದದ್ದು ಮೇಜೋ ಮಾತೋ? ಇದನ್ನರಿಯಲು ನಗರಸಭೆಯಂಥ ಸಂಸ್ಥೆಗಳ 756 ನೌಕರರ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. 2022ರಲ್ಲಿ ಬಂದ ಅದರ ಫಲಿತಾಂಶದಲ್ಲಿ ತಿಳಿವಳಿಕೆ, ಉತ್ತೇಜನಗಳನ್ನು ಮಾತ್ರ ಪಡೆದವರು ದಿನಕ್ಕೆ 22 ನಿಮಿಷ ಕಡಿಮೆ ಕುಳಿತರು. ಜೊತೆಗೆ ಮೇಜನ್ನೂ ಪಡೆದವರು 64 ನಿಮಿಷ. ಉಪದೇಶಕ್ಕೂ ಸಲಕರಣೆಗೂ ಇರುವ ತೂಕವನ್ನು ಇಷ್ಟು ನಿಖರವಾಗಿ ಅಳೆದುದು ವಿರಳ. ತೂಕದಲ್ಲಾಗಲಿ ರಕ್ತಪರೀಕ್ಷೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಒಂದು ವರ್ಷದಲ್ಲಿ ಕಾಣಲಿಲ್ಲವೆಂಬುದನ್ನೂ ಹೇಳಲೇಬೇಕು. ನಿಂತರಷ್ಟೇ ಸಾಲದು, ನಡೆಯಲೂ ಬೇಕೆಂದು ತೋರುತ್ತದೆ.

ಅಂಥ ಬೆಲೆಬಾಳುವ ಮೇಜುಗಳು ನಮ್ಮ ತಾಲೂಕು ಕಚೇರಿಗಳಿಗೆ ಬರುವುದನ್ನು ನಿರೀಕ್ಷಿಸಲಾಗದು. ಆದರೆ ಕಡತವನ್ನು ಎದ್ದು ಹೋಗಿ ತರುವಂತಿರುವುದು, ಕುಡಿಯುವ ನೀರಿನ ಕೊಡವನ್ನು ದೂರದಲ್ಲಿಡುವುದು, ಇಬ್ಬರು ಮೂವರ ಸಮಾಲೋಚನೆಯನ್ನು ನಿಂತೇ ಮುಗಿಸುವುದು, ಇವಕ್ಕೆ ಹಣ ಬೇಡ, ಮೇಲಧಿಕಾರಿಯ ಒಪ್ಪಿಗೆ ಬೇಕು. ಯಾಕೆಂದರೆ ಕುರ್ಚಿ ಬಿಟ್ಟೆದ್ದವನನ್ನು ಕೆಲಸಗಳ್ಳನೆಂದು ತಿಳಿಯುವ ರೂಢಿ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಜವಾನನನ್ನು ಕರೆಯುವ ಗಂಟೆ ಅಧಿಕಾರದ ಚಿಹ್ನೆಯಾಗಿದ್ದಷ್ಟು ಕಾಲವೂ ಅಧಿಕಾರಿ ತನ್ನ ಕಾಲುಗಳನ್ನು ಬಳಸುವುದು ಕಷ್ಟ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಚಟುವಟಿಕೆಯನ್ನು ಹೇಳುವುದರ ಜೊತೆಗೆ ಕುಳಿತ ಸಮಯವನ್ನು ಮಿತಗೊಳಿಸಬೇಕೆಂದೂ ಹೇಳಿತು. ಭಾರತದ ವಯಸ್ಕರಲ್ಲಿ ಸಾಕಷ್ಟು ಶರೀರಶ್ರಮವಿಲ್ಲದವರು 2000ದಲ್ಲಿ ನೂರಕ್ಕೆ 22ರಷ್ಟಿದ್ದು 2022ರ ಹೊತ್ತಿಗೆ ಅರ್ಧದಷ್ಟಾದರೆಂದೂ, ಅವರಲ್ಲಿ ಗಂಡಸರಿಗಿಂತ ಹೆಂಗಸರ ಪಾಲು ಹೆಚ್ಚೆಂದೂ ಅದೇ ಸಂಸ್ಥೆಯ ವಿದ್ವಾಂಸರು 2024ರಲ್ಲಿ ಅಂದಾಜು ಮಾಡಿದರು. ಕೇಂದ್ರದ ಆಯುಷ್ ಮಂತ್ರಾಲಯವು ಕಚೇರಿಯಲ್ಲಿಯೇ ಮಾಡಬಹುದಾದ ಐದು ನಿಮಿಷಗಳ ಯೋಗವಿರಾಮವನ್ನು ರೂಪಿಸಿತು. 2021ರ ಸೆಪ್ಟೆಂಬರಿನಲ್ಲಿ ಸಿಬ್ಬಂದಿ ಇಲಾಖೆಯು ಅದನ್ನು ಬಳಸುವಂತೆ ಕೇಂದ್ರ ಸರ್ಕಾರದ ಕಚೇರಿಗಳಿಗೆ ಪತ್ರ ಬರೆಯಿತು. ಅದೇ ತಿಂಗಳಲ್ಲಿ ತಮಿಳುನಾಡಿನ ವಿಧಾನಸಭೆಯ ಮುಂದೆ ಇನ್ನೊಂದು ಮಸೂದೆ ಬಂದಿತು. ಜವಳಿ ಅಂಗಡಿ ಮೊದಲಾದೆಡೆ ಹತ್ತು ಹನ್ನೆರಡು ಗಂಟೆ ನಿಂತೇ ದುಡಿಯುತ್ತಿದ್ದ, ಬಹುಮಟ್ಟಿಗೆ ಹೆಂಗಸರೇ ಆದ ನೌಕರರಿಗೆ ಕೂಡಲು ಆಸನ ಕೊಡಬೇಕೆಂಬುದು ಅದರ ವಿಧಿ. ಕೇರಳದಲ್ಲಿ 2018ರಲ್ಲಿಯೇ ಅಂಥ ಕಾಯ್ದೆ ಬಂದಿತ್ತು. ಹೀಗೆ ಒಂದೇ ತಿಂಗಳಲ್ಲಿ ದಿಲ್ಲಿಯ ಗುಮಾಸ್ತನಿಗೆ ಐದು ನಿಮಿಷ ಏಳಲು ಅಪ್ಪಣೆಯಾಯಿತು, ಮದರಾಸಿನ ಸೀರೆಯಂಗಡಿಯ ಹುಡುಗಿಗೆ ಸ್ವಲ್ಪ ಹೊತ್ತು ಕೂಡಲು ಒಂದು ಸ್ಟೂಲು ಗೊತ್ತಾಯಿತು.